ಮದ್ದು-ಮಾತು: ಸೀಸೆಯೊಳಗಿನ ಭಂಗಿ



ಕಳೆದ ಸಂಚಿಕೆಯ ತರುವಾಯ ನಮ್ಮ ಕೈಸೇರಿದ ಪತ್ರಗಳಲ್ಲಿ ಈ ಸಲ ಒಂದನ್ನು ಮಾತ್ರ ಎತ್ತಿಕೊಂಡಿದ್ದೇವೆ. ಬರೆದವರು ನಮ್ಮ ಮುಂಬಯಿಯ ಉಪನಗರವೊಂದರಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಅಂತಸ್ತಿನಲ್ಲಿ ವಾಸಿಸುವ ಅರುವತ್ತೆಂಟು ವರ್ಷದ ತಾಯಿಯೊಬ್ಬರು. ಅವರ ಎರಡು ಮಂಡಿಗಳೂ ಸವೆದಿವೆ. ಅದು ಸಾಲದೆಂಬಂತೆ ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆಯ ಫಲವಾಗಿ ರಾತ್ರಿಯೆಲ್ಲ ಪಾದಗಳಲ್ಲಿ ಉರಿ. ಕೆನಡದಲ್ಲಿರುವ ಮಗ ದೀಪಾವಳಿಗೆ ಬರುವವನಿದ್ದಾನೆ. "ಅಮ್ಮಾ, ಇಲ್ಲಿ ಗಾಂಜಾ ಗಿಡದಿಂದ ತೆಗೆದ ಎಣ್ಣೆ ಅಂಗಡಿಯಲ್ಲೇ ಸಿಗುತ್ತೆ. ನೋವಿಗೆ ಎಷ್ಟೋ ಜನ ತಗೋತಾರೆ. ಒಂದು ಸೀಸೆ ತರಲಾ?" ಎಂದು ಕೇಳಿದ್ದಾನಂತೆ. ಯಜಮಾನರು ಕೇಳಿ ಕಿಡಿಕಿಡಿಯಾಗಿದ್ದಾರೆ. "ಏನೇ, ಈ ವಯಸ್ಸಿನಲ್ಲಿ ಭಂಗಿ ಸೇದೋರ ಸಾಲಿಗೆ ಸೇರ್ತೀಯಾ?" ಎಂದರಂತೆ. ಇಬ್ಬರಲ್ಲಿ ಯಾರು ಸರಿ ಎಂಬ ತೀರ್ಪನ್ನು ಆ ತಾಯಿ ನಮ್ಮ ತಲೆಗೆ ಕಟ್ಟಿದ್ದಾರೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಸೀಸೆ ಬೇಡ. ಆದರೆ ಯಜಮಾನರು ಕೊಡುವ ಕಾರಣಕ್ಕಾಗಿ ಅಲ್ಲ.

ಭಂಗಿ ಎಂದೊಡನೆ ನಮ್ಮವರ ಕಣ್ಣಮುಂದೆ ನಿಲ್ಲುವುದು ಚಿಲುಮೆ ಹಿಡಿದ ಬೈರಾಗಿ, ಇಲ್ಲವೆ ಪೋಲೀಸು ಠಾಣೆ. ಗಿಡವಾದರೋ ನಮ್ಮ ಔಷಧಶಾಲೆಗೆ ಬಹಳ ಹಳೆಯ ನೆಂಟ. ಆಯುರ್ವೇದದವರು ಇದನ್ನು ವಿಜಯಾ ಎಂಬ ಸುಂದರವಾದ ಹೆಸರಿನಿಂದ ಬಲ್ಲರು. ಹದಿನಾರನೆಯ ಶತಮಾನದ ಭಾವಪ್ರಕಾಶವು ಹಸಿವೆಗೂ ಜೀರ್ಣಕ್ಕೂ ಇದು ಒಳ್ಳೆಯದೆಂದು ಹೇಳುತ್ತಲೇ, ಬುದ್ಧಿಗೆ ಮೋಹ ಕವಿಸುವ ಇದರ ಗುಣವನ್ನೂ ಮುಚ್ಚಿಡುವುದಿಲ್ಲ. ಪಾಶ್ಚಾತ್ಯ ವೈದ್ಯಕ್ಕೆ ಇದನ್ನು ಪರಿಚಯ ಮಾಡಿಕೊಟ್ಟದ್ದೂ ನಮ್ಮ ದೇಶವೇ. ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಐರಿಷ್ ಡಾಕ್ಟರು ವಿಲಿಯಂ ಬ್ರೂಕ್ ಓಶಾನೆಸ್ಸಿ ಎಂಬವರು ಮೊದಲು ಪ್ರಾಣಿಗಳ ಮೇಲೆ, ಅನಂತರ ಸಂಧಿವಾತ, ಧನುರ್ವಾಯು ಮೊದಲಾದ ರೋಗಗಳಿಂದ ನರಳುವವರ ಮೇಲೆ ಇದನ್ನು ಪರೀಕ್ಷಿಸಿ ೧೮೩೯ರಲ್ಲಿ ವರದಿ ಬರೆದರು. (ಮುಂದೆ ನಮ್ಮ ದೇಶಕ್ಕೆ ತಂತಿ ವ್ಯವಸ್ಥೆಯನ್ನು ತಂದ ಮಹಾಶಯರೂ ಇವರೇ. ಆ ಕಾಲದವರಿಗೆ ಒಂದೇ ಕಸಬು ಸಾಲುತ್ತಿರಲಿಲ್ಲವೆಂದು ಕಾಣುತ್ತದೆ.) ಅವರ ಸಂಧಿವಾತದ ರೋಗಿಗಳಲ್ಲಿ ಒಬ್ಬನ ಸ್ಥಿತಿ ಮಾತ್ರ ವಿಚಿತ್ರವಾಯಿತು. ಅವನ ಕೈಯನ್ನು ಎತ್ತಿ ಹೇಗೆ ಇಟ್ಟರೆ ಹಾಗೆಯೇ ನಿಂತುಬಿಡುತ್ತಿತ್ತು! ಆತ ಚೇತರಿಸಿಕೊಂಡ. ಆದರೆ ಈ ಔಷಧದ ಮುಖ್ಯ ತೊಡಕು ಅಂದೇ ಕಾಣಿಸಿಕೊಂಡಿತ್ತು: ಒಂದೇ ಪ್ರಮಾಣ ಒಬ್ಬನಿಗೆ ಹಿತ, ಇನ್ನೊಬ್ಬನಿಗೆ ಅತಿ. ಸೀಸೆಯಿಂದ ಸೀಸೆಗೂ ಸತ್ತ್ವ ಬೇರೆ. ನೀರಿನಲ್ಲಿ ಕರಗದ ಕಾರಣ ಮಾರ್ಫಿನಿನಂತೆ ಸೂಜಿಯ ಮೂಲಕ ಕೊಡುವಂತೆಯೂ ಇರಲಿಲ್ಲ. ೧೮೯೯ರಲ್ಲಿ ಆಸ್ಪಿರಿನ್ ಪೇಟೆಗೆ ಬಂದ ಮೇಲೆ ಡಾಕ್ಟರುಗಳು ಮೆಲ್ಲಮೆಲ್ಲನೆ ಇದರ ಕೈಬಿಟ್ಟರು.

ಇದು ನೋವನ್ನು ತಗ್ಗಿಸುವುದು ಹೇಗೆ ಎಂಬುದು ಬಹುಕಾಲ ಒಗಟಾಗಿಯೇ ಇತ್ತು. ಇಸ್ರೇಲಿನ ರಸಾಯನ ವಿಜ್ಞಾನಿ ರಾಫೆಲ್ ಮೆಕೂಲಮ್ ಪೋಲೀಸರು ವಶಪಡಿಸಿಕೊಂಡಿದ್ದ ಐದು ಕಿಲೋ ಚರಸನ್ನು ಬೇಡಿ ಪಡೆದು, ಸಾಮಾನ್ಯ ಬಸ್ಸಿನಲ್ಲಿ ಕುಳಿತು ಪ್ರಯೋಗಶಾಲೆಗೆ ತಂದದ್ದನ್ನು ತಾವೇ ನೆನೆದು ನಗುತ್ತಿದ್ದರು. ಅವರೂ ಅವರ ಸಹೋದ್ಯೋಗಿ ಗಾವೋನಿಯೂ ೧೯೬೪ರಲ್ಲಿ ಅಮಲೇರಿಸುವ ಅಂಶವನ್ನು ಬೇರ್ಪಡಿಸಿದರು. ಅದೇ ಟಿ.ಎಚ್.ಸಿ. ಸಿ.ಬಿ.ಡಿ. ಎಂದು ಇಂದು ಎಲ್ಲೆಡೆ ಕೇಳಿಬರುವುದು ಅದೇ ಗಿಡದ ಇನ್ನೊಂದು ಅಂಶ. ಇದರಿಂದ ಅಮಲಿಲ್ಲ. ೧೯೯೨ರಲ್ಲಿ ಮೆಕೂಲಮರ ತಂಡವೇ ನಮ್ಮ ಮಿದುಳು ತಾನಾಗಿ ತಯಾರಿಸಿಕೊಳ್ಳುವ ಇಂಥದೊಂದು ವಸ್ತುವನ್ನು ಕಂಡುಹಿಡಿಯಿತು. ಅದಕ್ಕೆ ಅವರಿಟ್ಟ ಹೆಸರು ಆನಂದಮೈಡ್, ಸಂಸ್ಕೃತದ 'ಆನಂದ'ದಿಂದ! ಪಕ್ಕದ ಮನೆಯ ರೇಡಿಯೋ ವಿಪರೀತವಾದಾಗ ನಾವು ಗೋಡೆ ತಟ್ಟಿ "ಸ್ವಲ್ಪ ತಗ್ಗಿಸಿ ಸ್ವಾಮೀ" ಎನ್ನುವುದಿಲ್ಲವೆ? ಇಂಥ ವಸ್ತುಗಳೂ ಹಾಗೆಯೇ. ಸುದ್ದಿಯನ್ನು ಕೂಗಿ ಹೇಳುತ್ತಿರುವ ನರಕ್ಕೆ ಹಿಂದಿರುಗಿ ಸನ್ನೆ ಮಾಡಿ ದನಿಯನ್ನು ತಗ್ಗಿಸುತ್ತವೆ. ಟಿ.ಎಚ್.ಸಿ.ಯೂ ಅದೇ ಗೋಡೆಯನ್ನು ತಟ್ಟುತ್ತದೆ. ಆದರೆ ಅದಕ್ಕೆ ಮನೆ ಯಾವುದೆಂಬ ಗುರುತಿಲ್ಲ. ನೋವು, ನೆನಪು, ಸಮತೋಲ, ಹಸಿವು, ಎಲ್ಲ ಗೋಡೆಗಳನ್ನೂ ತಟ್ಟುತ್ತದೆ.

ಹಾಗಾದರೆ ಫಲವೆಷ್ಟು? ಇಲ್ಲಿ ಪಂಡಿತರೇ ಒಮ್ಮತದಲ್ಲಿಲ್ಲ. ವಯಸ್ಕರ ಬಹುಕಾಲದ ನೋವಿಗೆ ಇದು ಉಪಯುಕ್ತ ಎನ್ನಲು ಗಣನೀಯ ಆಧಾರವುಂಟೆಂದು ಅಮೇರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ಸಮಿತಿ ೨೦೧೭ರಲ್ಲಿ ಹೇಳಿತು. ೨೦೧೯ರಲ್ಲಿ ಇಂಗ್ಲೆಂಡಿಗೆ ಚಿಕಿತ್ಸಾ ಸೂಚನೆಗಳನ್ನು ಬರೆಯುವ 'ನೈಸ್' ಸಂಸ್ಥೆಯು ಅಂಥ ನೋವಿಗೆ ಟಿ.ಎಚ್.ಸಿ. ಕೊಡಕೂಡದು, ಸಿ.ಬಿ.ಡಿ.ಯನ್ನಾದರೂ ಸಂಶೋಧನೆಯ ಅಂಗವಾಗಿ ಮಾತ್ರ ಕೊಡಬಹುದು ಎಂದಿತು. ೨೦೨೧ರಲ್ಲಿ ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು ಇದರ ಸಾರ್ವತ್ರಿಕ ಬಳಕೆಯನ್ನು ತಾನು ಅನುಮೋದಿಸಲಾರೆನೆಂದಿತು. ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿಯು, ಉಳಿದ ಚಿಕಿತ್ಸೆ ಸಾಲದೆ ಹೋದವರು ಸೇದುವ ರೂಪವನ್ನು ಬಿಟ್ಟು ಬೇರೆ ರೂಪದಲ್ಲಿ ಪ್ರಯತ್ನಿಸಿ ನೋಡಬಹುದೆಂದು ತೀರ ಮೆಲುದನಿಯಲ್ಲಿ ಸೂಚಿಸಿತು.

ಈ ಮೆಲುದನಿಯ ಹಿಂದಿನ ಲೆಕ್ಕವನ್ನು ವಾಚಕರು ತಿಳಿಯಬೇಕು. ಹತ್ತು ಸೆಂಟಿಮೀಟರಿನ ಗೆರೆಯೊಂದನ್ನು ಎಳೆಯಿರಿ. ಈ ತುದಿಯಲ್ಲಿ ನೋವೇ ಇಲ್ಲ, ಆ ತುದಿಯಲ್ಲಿ ತಾಳಲಾರದ ನೋವು. ನಿಮ್ಮ ನೋವು ಎಲ್ಲಿದೆಯೆಂದು ಗುರುತು ಹಾಕಿ. ಆ ಗುರುತು ಒಂದು ಸೆಂಟಿಮೀಟರಾದರೂ ಹಿಂದೆ ಸರಿದರೆ ರೋಗಿಗೆ ಗುಣ ಗೊತ್ತಾಗುತ್ತದೆಂದು ಎಣಿಕೆ. ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದಾಗ, ಹುಸಿ ಔಷಧ ಪಡೆದವರಿಗಿಂತ ನಿಜವಾದದ್ದನ್ನು ಪಡೆದವರಲ್ಲಿ ಅಷ್ಟು ಗುಣ ಕಂಡವರು ನೂರಕ್ಕೆ ಸುಮಾರು ಹತ್ತು ಮಂದಿ ಮಾತ್ರ ಹೆಚ್ಚು. ಹುಸಿ ಔಷಧದಿಂದಲೇ ಗಣನೀಯ ಉಪಶಮನ ಕಾಣುತ್ತಿತ್ತೆಂದು ಸ್ವೀಡನ್ನಿನ ಸಂಶೋಧಕರು ೨೦೨೨ರಲ್ಲಿ ತೋರಿಸಿದರು. ಪತ್ರಿಕೆಗಳು ಹೊಸ ಮದ್ದನ್ನು ಹೊಗಳಿ ಬರೆದರೆ ಹುಸಿ ಗುಳಿಗೆಗೂ ಬಲ ಬರಲೂಬಹುದು! ಆದುದರಿಂದ ಇದು ಸುಳ್ಳು ಮದ್ದಲ್ಲ, ಸಣ್ಣ ಮದ್ದು. ಅಂಗಡಿಯವನು ಸಣ್ಣದನ್ನು ಸಂಜೀವಿನಿಯೆಂದು ಮಾರುವುದರಲ್ಲಿಯೇ ಮೋಸವಿರುವುದು.

ಇನ್ನು ನಮ್ಮ ತಾಯಿಯವರ ನೋವಿನ ಮಾತು. ಅವರು ಪತ್ರದಲ್ಲಿ 'ಕಾಲು ನೋವು' ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಾರೆ. ನಾವು ಓದಿ ಕಂಡದ್ದು ಎರಡು ನೋವು. ಮಂಡಿಯದು ಸವೆದ ಕೀಲಿನ ನೋವು; ಮೆಟ್ಟಲು ಹತ್ತಿದಾಗ ಹೆಚ್ಚು, ಕುಳಿತಾಗ ಕಡಿಮೆ. ಪಾದದ್ದು ನರದ ಉರಿ, ಮಲಗಿದಾಗಲೇ ಹೆಚ್ಚು. ಗಾಂಜಾದ ಸಾರ ಏನಾದರೂ ಉಪಕಾರ ಮಾಡುವುದಿದ್ದರೆ ಎರಡನೆಯದಕ್ಕೆ. ಪ್ರಯೋಗಗಳಲ್ಲಿ ಬಹುಪಾಲು ನಡೆದದ್ದು ನರದ ನೋವು, ಕ್ಯಾನ್ಸರಿನ ನೋವುಗಳ ಮೇಲೆ. ಸವೆದ ಮಂಡಿಯ ಮೇಲೆ ಬಹಳ ಕಡಿಮೆ. ಆ ನರದ ಉರಿಗೂ ಇದಕ್ಕಿಂತ ಚೆನ್ನಾಗಿ ಪರೀಕ್ಷೆಯಾದ ಗುಳಿಗೆಗಳುಂಟು: ಡ್ಯುಲೊಕ್ಸೆಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್. ಅವಕ್ಕೂ ಮಂಪರು ಮೊದಲಾದ ದೋಷಗಳಿವೆ. ಡಾಕ್ಟರು ವಯಸ್ಸು, ಹೃದಯ, ಮೂತ್ರಪಿಂಡಗಳನ್ನು ನೋಡಿ ಆರಿಸಿಕೊಡಬೇಕು. ಆ ತಾಯಿಯವರ ಪತ್ರದಲ್ಲಿ ಇವುಗಳಲ್ಲಿ ಒಂದರ ಹೆಸರೂ ಇಲ್ಲ. ವಿಚಾರಿಸಿದಾಗ ತಿಳಿದದ್ದು, ಪಾದದ ಉರಿಯನ್ನು ಅವರು ಡಾಕ್ಟರಿಗೆ ಹೇಳಿಯೇ ಇಲ್ಲವೆಂಬುದು! "ಸಕ್ಕರೆಯವರಿಗೆ ಅದೆಲ್ಲ ಇದ್ದದ್ದೇ" ಎಂದು ಸುಮ್ಮನಿದ್ದರಂತೆ. ನಮ್ಮ ಮನೆಗಳ ಹೆಣ್ಣುಮಕ್ಕಳು ಇಂಥದನ್ನು ನುಂಗಿಕೊಳ್ಳುವುದನ್ನು ಸಹನೆಯೆಂದು ಹೊಗಳುವ ಗಂಡಸರ ಮೇಲೆ ನಮಗೆ ಸ್ವಲ್ಪ ಸಿಟ್ಟುಂಟು.

ಮಂಡಿಗೆ ಬೇಕಾದದ್ದು ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ಮೈತೂಕವನ್ನು ಕೊಂಚ ಇಳಿಸುವುದು, ಕೈಗೊಂದು ಕೋಲು. ತೀರ ಸಾಗದಿದ್ದರೆ ಶಸ್ತ್ರಚಿಕಿತ್ಸೆ.

ವಯಸ್ಸಾದವರ ವಿಷಯದಲ್ಲಿ ನಮಗೆ ಮುಖ್ಯ ಹೆದರಿಕೆ ಅಮಲಿನದಲ್ಲ, ಬೀಳುವುದರದು. ನಮಗೆ ಪರಿಚಿತರಾದ ಹಿರಿಯರೊಬ್ಬರು ಯಾರೋ ಕೊಟ್ಟ ಇಂಥ ತೊಟ್ಟುಗಳನ್ನು ರಾತ್ರಿ ನಾಲಗೆಗೆ ಹಾಕಿಕೊಂಡರು. ಅರ್ಧ ತಾಸಾದರೂ ಏನೂ ಆಗಲಿಲ್ಲವೆಂದು ಮತ್ತೊಮ್ಮೆ ಹಾಕಿಕೊಂಡರು. ನುಂಗಿದ್ದು ಏರಲು ಒಂದೆರಡು ತಾಸು ಹಿಡಿಯುತ್ತದೆ. ಏರಿದ್ದು ಬಹಳ ಹೊತ್ತು ಇಳಿಯುವುದಿಲ್ಲ. ನಡುರಾತ್ರಿ ಬಚ್ಚಲಿಗೆಂದು ಎದ್ದವರು ತಲೆತಿರುಗಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು "ಏನೇನು ಔಷಧಿ ತಗೋತೀರಿ ಅಜ್ಜಾ?" ಎಂದು ಕೇಳಿದಾಗ ಬಿ.ಪಿ. ಗುಳಿಗೆಯನ್ನು ಮಾತ್ರ ಹೇಳಿದರು. ಇದನ್ನು ನಾಚಿಕೆಯಿಂದ ಹೇಳಲಿಲ್ಲ. ಮಗಳು ದಿಂಬಿನ ಕೆಳಗಿನ ಸೀಸೆಯನ್ನು ಕಂಡು ಓಡಿಹೋಗಿ ತೋರಿಸಿದ್ದರಿಂದ ಕ್ಷೇಮವಾಯಿತು. ಅರಿವಳಿಕೆಯೊಂದಿಗೆ ಮಾತ್ರವಲ್ಲ, ರಕ್ತ ತೆಳುಮಾಡುವ ವಾರ್ಫರಿನ್, ಮೂರ್ಛೆರೋಗದ ಕ್ಲೊಬಜಾಮ್ ಮುಂತಾದವುಗಳೊಂದಿಗೂ ಇದಕ್ಕೆ ಹೊಂದಾಣಿಕೆಯಿಲ್ಲ. ಅಮಲಿಲ್ಲದ ಸಿ.ಬಿ.ಡಿ.ಯೂ ಅವುಗಳ ಬಲವನ್ನು ಏರಿಸಬಲ್ಲದು. ಮನೋರೋಗದ ಹಿನ್ನೆಲೆಯುಳ್ಳ ಮನೆತನದವರೂ ಬಸುರಿಯರೂ ಇದರ ಹತ್ತಿರ ಸುಳಿಯಬಾರದು.

ಕಾಯಿದೆಯ ಮಾತನ್ನು ಮಗರಾಯರು ಗಮನವಿಟ್ಟು ಓದಲಿ. ಕೆನಡದಲ್ಲಿ ಔಷಧವಾಗಿ ೨೦೦೧ರಿಂದ, ಸಾರ್ವಜನಿಕವಾಗಿ ೨೦೧೮ರಿಂದ ಇದು ಸಮ್ಮತ. ಆದರೆ ದೇಶದ ಗಡಿ ದಾಟಿಸಿ ಒಯ್ಯುವುದು, ಡಾಕ್ಟರ ಚೀಟಿಯಿದ್ದರೂ, ಆ ದೇಶದ ಕಾಯಿದೆಗೇ ವಿರುದ್ಧ. ನಮ್ಮಲ್ಲಿ ೧೯೮೫ರ ಮಾದಕ ವಸ್ತುಗಳ ಕಾಯಿದೆಯು ಗಿಡದ ಅಂಟನ್ನೂ ಹೂತೆನೆಯನ್ನೂ, ಅಂದರೆ ಚರಸ್ಸನ್ನೂ ಗಾಂಜಾವನ್ನೂ, ಅವುಗಳ ಮಿಶ್ರಣವನ್ನೂ ನಿಷೇಧಿಸಿದೆ. ತೆನೆಯಿಂದ ಬೇರೆಯಾದ ಎಲೆಯನ್ನೂ ಬೀಜವನ್ನೂ ಹೊರಗಿಟ್ಟಿದೆ. ಭಂಗ್ ಎಂಬುದು ಆ ಕಾಯಿದೆಯ ಗಾಂಜಾ ಅಲ್ಲವೆಂದು ಕರ್ನಾಟಕದ ಹೈಕೋರ್ಟು ೨೦೨೨ರಲ್ಲಿ ಒಂದು ಜಾಮೀನಿನ ಆದೇಶದಲ್ಲಿ ಹೇಳಿದ್ದುಂಟು. ಹಾಗೆಂದು ನಮ್ಮ ಮಹಾರಾಷ್ಟ್ರದವರು ಹಿಗ್ಗಬಾರದು. ಇಲ್ಲಿ ೧೯೪೯ರ ಮುಂಬಯಿ ಪಾನನಿರೋಧ ಕಾಯಿದೆಯು ಭಂಗಿನ ಎಲೆಗೂ ಪರವಾನಗಿ ಕೇಳುತ್ತದೆ. ೨೦೨೦ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗವು ಈ ಗಿಡವನ್ನು ಅತಿ ಕಠಿಣವಾದ ಪಟ್ಟಿಯಿಂದ ತೆಗೆದಾಗ ಭಾರತವೂ ಪರವಾಗಿ ಮತ ಕೊಟ್ಟಿತು. ವಿಮಾನ ನಿಲ್ದಾಣದ ಸುಂಕದವರಿಗೆ ಮಾತ್ರ ಆ ಮತದಿಂದ ಏನೂ ಬದಲಾಗಿಲ್ಲ. ಅಮ್ಮನ ಕಾಲಿಗೆಂದು ತಂದ ಸೀಸೆಗಾಗಿ ಮಗ ಕೋರ್ಟಿನ ಕಟ್ಟೆ ಹತ್ತುವುದು ಯಾರಿಗೂ ಬೇಡ.

ಇಲ್ಲಿಯೇ ಸಿಗುವ 'ವಿಜಯಾ' ಎಣ್ಣೆಗಳ ವಿಚಾರವೇನೆಂದು ಕೆಲವರು ಕೇಳಬಹುದು. ಎಲೆಯಿಂದ ಮಾಡಿ, ಆಯುರ್ವೇದದ ಪರವಾನಗಿಯ ಮೇಲೆ ಮಾರುವಂಥವು ಉಂಟು. ಕಾಯಿದೆ ಎಲೆಯನ್ನು ಬಿಟ್ಟಿತೆಂದ ಮಾತ್ರಕ್ಕೆ ಎಲೆಯಲ್ಲಿ ಟಿ.ಎಚ್.ಸಿ. ಇಲ್ಲವೆಂದಲ್ಲ. ಔಷಧ ನಿಯಮಗಳು ಭಂಗಿಯನ್ನು ವಿಷದ್ರವ್ಯಗಳ ಪಟ್ಟಿಯಲ್ಲಿಟ್ಟು, ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕೆಂಬ ಎಚ್ಚರಿಕೆ ಸೀಸೆಯ ಮೇಲೆ ಇರಬೇಕೆಂದು ವಿಧಿಸಿವೆ. ಎಚ್ಚರಿಕೆಯ ಆ ಸಾಲು, ಪರವಾನಗಿಯ ಸಂಖ್ಯೆ, ಸಾರದ ಪ್ರಮಾಣ ಇವುಗಳಲ್ಲಿ ಒಂದಿಲ್ಲದಿದ್ದರೂ ಕೊಳ್ಳಬೇಡಿ. ಮೈಮುಟ್ಟಿ ನೋಡದೆ ದೂರವಾಣಿಯಲ್ಲಿಯೇ ಚೀಟಿ ಬರೆದುಕೊಡುವವರಿಂದಲೂ ದೂರವಿರಿ. ಇನ್ನು 'ಹೆಂಪ್ ಸೀಡ್ ಆಯಿಲ್' ಎಂಬುದು ಬರಿಯ ಬೀಜದ ಎಣ್ಣೆ. ೨೦೨೧ರಲ್ಲಿ ಆಹಾರವೆಂದು ಒಪ್ಪಿಗೆ ಪಡೆದ ಇದರಲ್ಲಿ ನೋವಿನ ಅಂಶ ಇಲ್ಲವೆಂದೇ ಹೇಳಬೇಕು. ದಿಲ್ಲಿಯ ವಾಚಕರು ತಮ್ಮ ಕುಮಾವೂಂ ನೆರೆಯವರ ಮನೆಯಲ್ಲಿ ಈ ಬೀಜದ ಚಟ್ನಿಯನ್ನು ಸವಿದಿರಬಹುದು. ಚಟ್ನಿಯಾಗಿ ಅದು ಬಲು ರುಚಿ. ಮಂಡಿಗೆ ಸಾವಿರಗಟ್ಟಲೆ ರೂಪಾಯಿ ಕೊಟ್ಟು ತಿಕ್ಕುವ ವಸ್ತುವಲ್ಲ.

ಕೊನೆಯದಾಗಿ, ಮನೆಯಲ್ಲಿ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುತ್ತಿರುವ ವಾಚಕರಿಗೆ ಒಂದು ಮಾತು. ಗಾಂಜಾದ ಎಣ್ಣೆಯನ್ನು ಹುಡುಕಿ ಅಲೆಯುವ ಮೊದಲು, ಮಾರ್ಫಿನ್ ಏಕೆ ಕೊಡುತ್ತಿಲ್ಲವೆಂದು ಡಾಕ್ಟರನ್ನು ಕೇಳಿ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರಕಾರದ ಪರವಾನಗಿಯಿಂದಲೇ ಅಫೀಮು ಬೆಳೆಯುವ ನಮ್ಮ ದೇಶದಲ್ಲಿ, ೧೯೮೫ರ ಅದೇ ಕಾಯಿದೆಯ ಹೆದರಿಕೆಯಿಂದ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು, ನರಳುವವರು ನರಳಿದರು. ಕೇರಳದ ಡಾ. ಎಂ. ಆರ್. ರಾಜಗೋಪಾಲರಂಥವರು ವರ್ಷಗಟ್ಟಲೆ ಹೋರಾಡಿದ ಮೇಲೆ ೨೦೧೪ರಲ್ಲಿ ತಿದ್ದುಪಡಿಯಾಯಿತು. ಈಗ ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ಹಲವು ಪರವಾನಗಿಗಳ ಬದಲು ಒಂದೇ ಸಾಕು. ನಿಮ್ಮ ಆಸ್ಪತ್ರೆಯಲ್ಲಿ ಇಲ್ಲವೆಂದರೆ, ಉಪಶಮನ ಚಿಕಿತ್ಸೆಯ ವಿಭಾಗ ಯಾವ ಆಸ್ಪತ್ರೆಯಲ್ಲಿದೆಯೆಂದು ಅವರಿಂದಲೇ ಬರೆಸಿಕೊಂಡು, ರೋಗಿಯ ಕಾಗದಪತ್ರಗಳೊಡನೆ ಮರುದಿನವೇ ಅಲ್ಲಿಗೆ ಹೋಗಿ. ರೋಗಿ ಹಾಸಿಗೆ ಹಿಡಿದಿದ್ದರೆ ಮನೆಯವರೊಬ್ಬರು ಹೋದರೂ ನಡೆದೀತೆ ಎಂದು ಮುಂದಾಗಿ ದೂರವಾಣಿಯಲ್ಲಿ ಕೇಳಿಕೊಳ್ಳಿ.