ಖಾಲಿ ಪುಟಕ್ಕೆ ಮರುಮೌಲ್ಯಮಾಪನವೇ?

ಖಿನ್ನತೆಯ ಚೀಟಿ ತಂದವರಿಗೆಲ್ಲ ಅಂಕ ಹಂಚಿದರೆ ಪದವಿಗೆ ಬೆಲೆ ಉಳಿಯದು ಎಂದು ಕಳೆದ ಸಂಚಿಕೆಯ ಲೇಖಕರು ಗುಡುಗಿದ್ದಾರೆ. ಅಂಕ ಕೇಳಿದವರು ಯಾರು ಸ್ವಾಮಿ?

ಅವರು ಬೆರಳು ತೋರಿದ ಬ್ರಿಟನ್ನಿನಲ್ಲಿ ಫಲಿತಾಂಶದ ವಿರುದ್ಧ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಮೇಲ್ಮನವಿ ಗೆದ್ದರೂ ಸಾಮಾನ್ಯವಾಗಿ ಒಂದಂಕವೂ ಏರುವುದಿಲ್ಲ. ಪರೀಕ್ಷಕರ ವಿದ್ವತ್ತಿನ ತೀರ್ಮಾನವನ್ನು ಅಲ್ಲಿ ಪ್ರಶ್ನಿಸುವಂತೆಯೇ ಇಲ್ಲ. ಸಿಗುವುದು ಹೆಚ್ಚಾಗಿ ಇನ್ನೊಮ್ಮೆ ಬರೆಯುವ ಅವಕಾಶ, ಮೊದಲ ಯತ್ನವೆಂಬ ಲೆಕ್ಕದಲ್ಲಿ. ಅದಕ್ಕೂ ವೈದ್ಯರ ದಾಖಲೆ ಬೇಕು. ಕಾಯಿಲೆಯನ್ನು ಮೊದಲೇ ಯಾಕೆ ತಿಳಿಸಲಿಲ್ಲ ಎಂಬುದಕ್ಕೆ ಕಾರಣ ಕೊಡಬೇಕು. ಹಾಸಿಗೆಯಿಂದ ಏಳಲಾಗದವರಿಗೆ ಈ ಪ್ರಶ್ನೆಯೇ ಎಲ್ಲಕ್ಕಿಂತ ಕಷ್ಟದ ಪೇಪರು.

ನಮ್ಮಲ್ಲಿ? ಮರುಎಣಿಕೆ, ಉತ್ತರಪತ್ರಿಕೆಯ ಜೆರಾಕ್ಸ್, ಮರುಮೌಲ್ಯಮಾಪನ. ಮೂರೂ ಬರೆದದ್ದನ್ನೇ ಮತ್ತೆ ನೋಡುತ್ತವೆ, ಕೈ ನಡುಗಿ ಖಾಲಿ ಬಿಟ್ಟ ಪುಟವನ್ನಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ಅಂಗವೈಕಲ್ಯಗಳ ಪಟ್ಟಿಯಲ್ಲಿ ಇಟ್ಟಿದೆ, ಪರೀಕ್ಷಾ ಪದ್ಧತಿ ಮಾರ್ಪಡಿಸಬೇಕೆಂದೂ ಹೇಳಿದೆ. ಆದರೆ ಆ ಸವಲತ್ತಿಗೆ ಸಾಮಾನ್ಯವಾಗಿ ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಪರೀಕ್ಷೆಯ ವಾರದಲ್ಲಿ ಬಂದೆರಗಿದ ಆತಂಕಕ್ಕೆ ಅದನ್ನು ಬರೆದುಕೊಡುವವರು ಯಾರು?

ಸುಳ್ಳು ಚೀಟಿಗಳ ಭಯವಂತೆ. ಟೈಫಾಯ್ಡ್ ಆದ ಹುಡುಗನ ಬಗ್ಗೆ ಮಾತ್ರ ಲೇಖಕರಿಗೆ ಕನಿಕರವಿದೆ. ಹಾಜರಾತಿ ತುಂಬಿಸಲು ನಮ್ಮ ಕಾಲೇಜುಗಳಿಗೆ ಬಂದ ಟೈಫಾಯ್ಡ್ ಚೀಟಿಗಳಲ್ಲಿ ನಿಜವಾದವು ಎಷ್ಟೆಂದು ಯಾವ ಜವಾನನನ್ನಾದರೂ ಕೇಳಲಿ.