ಟವರಿಗೆ ಕೊಡುವ ಹಣ ರೀಚಾರ್ಜಿಗೂ ಬರಲಿ

ಬೀದರ್ ಜಿಲ್ಲೆಯ ಕಮಲನಗರಕ್ಕೆ ಬೀದರ್ ಪಟ್ಟಣಕ್ಕಿಂತ ಮಹಾರಾಷ್ಟ್ರದ ಉದಗೀರವೇ ಹತ್ತಿರ. ಕೂಲಿ ಹುಡುಕಿಕೊಂಡು ಪುಣೆ, ಹೈದರಾಬಾದಿಗೆ ಹೋಗುವ ಈ ಸೀಮೆಯ ಕುಟುಂಬಗಳಿಗೆ ಮೊಬೈಲು ಬರೀ ಮಾತಾಡುವ ಸಾಧನವಲ್ಲ. ಪಿಎಂ ಕಿಸಾನ್ ಕೆವೈಸಿಯ ಒಟಿಪಿ ಬರುವುದೂ ಬ್ಯಾಂಕಿಗೆ ಹಣ ಜಮೆಯಾದ ಸುದ್ದಿ ತಿಳಿಯುವುದೂ ಅದರಲ್ಲೇ. ಫೋನಿಲ್ಲದೆ ಸವಲತ್ತು ಸಿಗದಂತೆ ಮಾಡಿದ್ದು ಸರ್ಕಾರ; ನಂಬರು ಉಳಿಸಿಕೊಳ್ಳುವ ಖರ್ಚು ಬಡವರದು.

ಆ ಖರ್ಚು ಸಣ್ಣದಲ್ಲ. 2024ರ ಜುಲೈಯಲ್ಲಿ ಏರ್‌ಟೆಲ್ ತನ್ನ 28 ದಿನಗಳ ಅಗ್ಗದ ಪ್ಲಾನನ್ನು 179ರಿಂದ 199 ರೂಪಾಯಿಗೆ ಏರಿಸಿತು. ಜಿಯೋ, ವಿಐ ಕೂಡ ಅದೇ ವಾರ ದರ ಹೆಚ್ಚಿಸಿದವು. 199ರ ಲೆಕ್ಕದಲ್ಲಿ ವರ್ಷಕ್ಕೆ 13 ರೀಚಾರ್ಜ್, ಅಂದರೆ 2,587 ರೂಪಾಯಿ. ಗೃಹಲಕ್ಷ್ಮಿಯ ಒಂದು ತಿಂಗಳ ಹಣಕ್ಕಿಂತ ಇದು ಹೆಚ್ಚು. ಡೇಟಾ ಬೇಡದವರಿಗೆ ಬೇರೆ ಪ್ಲಾನ್ ಕೊಡಿ ಎಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಅದೇ ವರ್ಷದ ಡಿಸೆಂಬರಿನಲ್ಲಿ ನಿಯಮ ತಂದಿತು. ದೊಡ್ಡ ಕಂಪನಿಗಳು ತಂದದ್ದು 84 ದಿನಗಳ ಪ್ಲಾನು, ಒಂದೇ ಸಲ ನಾನೂರಕ್ಕೂ ಮೇಲ್ಪಟ್ಟು ಕಟ್ಟಬೇಕು. ದಿನಗೂಲಿಯವರು ಅಷ್ಟನ್ನು ಎಲ್ಲಿಂದ ಹೊಂದಿಸಬೇಕು?

ಅವರಿಗೆ ನೆರವಾಗಲು ಸರ್ಕಾರಕ್ಕೆ ಹಣದ ಕೊರತೆ ಇಲ್ಲ. ಟೆಲಿಕಾಂ ಕಂಪನಿಗಳ ಹೊಂದಾಣಿಕೆಯಾದ ಒಟ್ಟು ಆದಾಯದ ಶೇ 5ರಷ್ಟು ಹಣ 2002ರಿಂದ ಸಾರ್ವತ್ರಿಕ ಸೇವಾ ನಿಧಿಯ ಹೆಸರಿನಲ್ಲಿ ವಸೂಲಾಗುತ್ತಿದೆ. ಕಂಪನಿಗಳ ಆದಾಯ ಗ್ರಾಹಕರದೇ ದುಡ್ಡು. ಕೂಲಿಕಾರರ 199ರಲ್ಲೂ ಅದರ ಪಾಲಿದೆ. ಡಿಜಿಟಲ್ ಭಾರತ್ ನಿಧಿ ಎಂದು ಈಗ ಹೆಸರು ಬದಲಾಗಿದೆ. ಆದರೂ ದೊಡ್ಡ ಮೊತ್ತ ಹೋಗುವುದು ಭಾರತ್‌ನೆಟ್ ಕೇಬಲಿಗೆ, 4ಜಿ ಟವರಿಗೆ. ಟವರು ಬೇಕೇ ಬೇಕು. ಆದರೆ ಊರಿಗೆ ಸಿಗ್ನಲ್ ಬಂದ ಮಾತ್ರಕ್ಕೆ ರೀಚಾರ್ಜ್ ಮುಗಿದ ಫೋನು ರಿಂಗಾಗುವುದಿಲ್ಲ.

ಹಿಂದೆ ಇದೇ ನಿಧಿ ಹಳ್ಳಿ ಮನೆಗಳ ಸ್ಥಿರ ದೂರವಾಣಿಗೂ ನೆರವು ಕೊಟ್ಟಿತ್ತು. ಮಹಿಳೆಯರು, ಅಂಗವಿಕಲರು, ದುರ್ಬಲ ವರ್ಗದವರಿಗೆ ಸೇವೆ ತಲುಪಿಸಲು ನಿಧಿಯನ್ನು ಬಳಸಬಹುದೆಂದು 2024ರ ನಿಯಮಗಳೂ ಹೇಳುತ್ತವೆ. ಹಾಗಿದ್ದ ಮೇಲೆ ಅಂತ್ಯೋದಯ ಕಾರ್ಡಿನ ಪ್ರತಿ ಕುಟುಂಬದ ಒಂದು ನಂಬರಿಗೆ ಕರೆ ಮತ್ತು ಎಸ್ಸೆಮ್ಮೆಸ್ಸಿನ ಖರ್ಚನ್ನು ನಿಧಿಯೇ ಭರಿಸಲು ಅಡ್ಡಿ ಏನು?

ದುರುಪಯೋಗವಾದೀತು ಎನ್ನುವವರಿದ್ದಾರೆ. 1985ರಿಂದ ಬಡವರಿಗೆ ಫೋನ್ ರಿಯಾಯಿತಿ ಕೊಡುತ್ತಿರುವ ಅಮೆರಿಕದ ಲೈಫ್‌ಲೈನ್ ಯೋಜನೆಗೂ ಅನರ್ಹರು ನುಸುಳಿದ್ದರು. ಅಲ್ಲಿ ಯೋಜನೆ ಮುಚ್ಚಲಿಲ್ಲ, ಅರ್ಹತೆ ಪರಿಶೀಲನೆಯನ್ನು ಕಂಪನಿಗಳ ಕೈಯಿಂದ ತೆಗೆದರು. ಸಹಾಯಧನದ ನೆಪದಲ್ಲಿ ಕಂಪನಿಗಳು ದರ ಏರಿಸಬಹುದು ಎಂಬ ಆತಂಕಕ್ಕೆ ಅರ್ಥವಿದೆ. ಅದಕ್ಕಾಗಿಯೇ ನಿಧಿ ಭರಿಸುವ ಪ್ಲಾನಿನ ಬೆಲೆಯನ್ನು ಟ್ರಾಯ್ ಗೊತ್ತುಮಾಡಬೇಕು, ಕಂಪನಿ ಆರಿಸುವ ಹಕ್ಕು ಕುಟುಂಬಕ್ಕಿರಬೇಕು. ಮೊದಲ ಪ್ರಯೋಗ ಕಮಲನಗರ, ಔರಾದ್, ಭಾಲ್ಕಿಯಲ್ಲೇ ನಡೆಯಲಿ. ಬೀದರಿನ ಸಂಸದರು ಲೋಕಸಭೆಯಲ್ಲಿ ಇದನ್ನು ಕೇಳಲಿ.