ಹಿತ್ತಿಲಿಗೊಂದು ಜೇನುಪೆಟ್ಟಿಗೆ: ಇಡಬೇಕೆ, ಬೇಡವೆ?

ನಮ್ಮ ಹಿತ್ತಿಲಿನಲ್ಲಿ ಎರಡು ವರ್ಷದಿಂದ ಒಂದು ಜೇನುಪೆಟ್ಟಿಗೆ ಇದೆ. ಸಾಕುವವರು ನಾವಲ್ಲ. ಪಕ್ಕದೂರಿನ ಜೇನುಕೃಷಿಕರೊಬ್ಬರು ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಬೈಕಿನಲ್ಲಿ ಬಂದು, ಮುಚ್ಚಳ ತೆಗೆದು, ಎರಿಗಳನ್ನು ಒಂದೊಂದಾಗಿ ಎತ್ತಿ ನೋಡಿ ಹೋಗುತ್ತಾರೆ. ತುಪ್ಪ ಬಂದರೆ ಅರ್ಧ ಅವರಿಗೆ, ಅರ್ಧ ನಮಗೆ. ಬೆಂಗಳೂರಿನ ನೆಂಟರು ಬಂದಾಗಲೆಲ್ಲ ಕೇಳುತ್ತಾರೆ, ‘ನಮ್ಮ ಟೆರೇಸಿನಲ್ಲೂ ಇಂಥದ್ದೊಂದು ಇಡಿಸಬಹುದಾ?’ ದುಡ್ಡು ಕೊಟ್ಟರೆ ಪೆಟ್ಟಿಗೆ ನೋಡಿಕೊಳ್ಳುವವರು ಅಲ್ಲೂ ಸಿಗುತ್ತಾರಂತೆ. ಒಬ್ಬರಿಗೆ ಹೌದೆಂದಿದ್ದೇನೆ, ಇನ್ನೊಬ್ಬರಿಗೆ ಬೇಡವೆಂದಿದ್ದೇನೆ.

ಬಲ್ಲವರ ಕೈಗೆ ಬಿಡುವುದೇ ಸರಿ ಎನ್ನುವುದಕ್ಕೆ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ಸ್ವಭಾವವೇ ಸಾಕ್ಷಿ. ಇರುವೆ ಹತ್ತಿದರೆ, ಮೇಣದ ಹುಳು ಎರಿ ಕೊರೆದರೆ, ಆಷಾಢದ ಮಳೆಯಲ್ಲಿ ಹೂವಿಲ್ಲದೆ ಹೊಟ್ಟೆಗೆ ಬೀಳದಿದ್ದರೆ ಅದು ಹೇಳದೆ ಕೇಳದೆ ಪೆಟ್ಟಿಗೆ ಬಿಟ್ಟು ಹೋಗುತ್ತದೆ. ಹೂವಿನ ಕಾಲದಲ್ಲಿ ಕುಟುಂಬ ಬೆಳೆದು ಪಾಲಾಗುವುದು ಬೇರೆ. ರಾಣಿಯ ಮೊಟ್ಟೆ ನೋಡಿ ಕುಟುಂಬದ ಆರೋಗ್ಯ ಹೇಳುವ ಕಣ್ಣು ಯೂಟ್ಯೂಬ್ ನೋಡಿ ಬರುವುದಿಲ್ಲ. 1936ರಲ್ಲೇ ವಿರಾಜಪೇಟೆಯಲ್ಲಿ ಜೇನು ಸಹಕಾರ ಸಂಘ ಕಟ್ಟಿಕೊಂಡ ಕೊಡಗಿನವರೂ 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದಾಗ ಕೈಚೆಲ್ಲಿದ್ದರು. ಮರಿಹುಳುಗಳು ಕೋಣೆಯಲ್ಲೇ ನೀರುತುಂಬಿದ ಚೀಲದಂತಾಗಿ ಸತ್ತವು, ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಅನುಭವಿಗಳ ಪಾಡೇ ಹೀಗಾದರೆ, ಆಸೆಗೆ ಪೆಟ್ಟಿಗೆ ತಂದವರ ಪಾಡೇನು?

ಆದರೆ ಹೀಗೆ ಬಿಟ್ಟುಕೊಟ್ಟಾಗ ನಷ್ಟವೂ ಇದೆ. ಎರಡು ವರ್ಷದಲ್ಲಿ ನಾನು ಒಮ್ಮೆಯೂ ಮುಚ್ಚಳ ತೆಗೆದಿಲ್ಲ. ನಮ್ಮ ಜೇನುಕೃಷಿಕರು ಒಂದು ತಿಂಗಳು ಬರದಿದ್ದರೆ ನಮಗೆ ತೋಚುವುದು ಫೋನ್ ಮಾಡುವುದಷ್ಟೆ.

ತೋಟವಿದ್ದವರಿಗೆ ಲಾಭದ ಮಾತು ಸುಲಭ. ಏಲಕ್ಕಿ ಹೂವಿಗೆ ಜೇನುನೊಣ ಬೇಕೇ ಬೇಕು. ರೊಬಸ್ಟಾ ಕಾಫಿಗೆ ಇನ್ನೊಂದು ಗಿಡದ ಪರಾಗ ಬೇಕು, ಅರೇಬಿಕಾ ತನ್ನದರಲ್ಲೇ ಕಾಯಿ ಕಟ್ಟುತ್ತದೆ. ಹಿತ್ತಿಲಿನ ಕುಂಬಳ, ಹೀರೆ, ಸೌತೆಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ, ನಡುವೆ ಓಡಾಡುವವರಿಲ್ಲದಿದ್ದರೆ ಪೀಚು ಉದುರುತ್ತದೆ. ಟೆರೇಸಿನ ನಾಲ್ಕು ಕುಂಡಕ್ಕಾಗಿ ಪೆಟ್ಟಿಗೆ ಇಡಬೇಕಿಲ್ಲ.

ಇನ್ನು ತುಪ್ಪ. ಹೆಚ್ಚಿನವರ ಕಣ್ಣು ಇರುವುದು ಅದರ ಮೇಲೇ. ಅಂಗಡಿಯ ಬಾಟಲಿಯ ಮೇಲೆ ನಂಬಿಕೆ ಹೋದದ್ದು ಸುಮ್ಮನೆ ಅಲ್ಲ. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 13 ಬ್ರ್ಯಾಂಡ್‌ಗಳನ್ನು ಜರ್ಮನಿಯ ಪ್ರಯೋಗಾಲಯದಲ್ಲಿ ಕಲಬೆರಕೆ ಪತ್ತೆಹಚ್ಚುವ ಎನ್ಎಂಆರ್ ಪರೀಕ್ಷೆಗೆ ಒಡ್ಡಿದಾಗ ಪಾಸಾದದ್ದು ಮೂರೇ. ಕಂಪನಿಗಳು ಅದನ್ನು ಒಪ್ಪಲಿಲ್ಲ, ಅನುಮಾನವಂತೂ ಉಳಿಯಿತು. ಕಣ್ಣೆದುರೇ ಎರಿಯಿಂದ ತೆಗೆದ ತುಪ್ಪಕ್ಕೆ ಆ ಅನುಮಾನವಿಲ್ಲ. ರುಚಿಯೂ ಒಂದೇ ತೆರನಲ್ಲ. ನೇರಳೆ ಹೂವಿನದು ತುಸು ಕಹಿ, ಬೇರೆ ಹೂವಿನದು ಬೇರೆಯೇ ಬಣ್ಣ.

ಹಸಿ ತುಪ್ಪ ಅಂದಮಾತ್ರಕ್ಕೆ ಎಲ್ಲ ಒಳ್ಳೆಯದು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಜೇನಿನಲ್ಲಿ ನೀರಿನಂಶ ಶೇ. 20 ಮೀರಬಾರದೆನ್ನುವುದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಮಲೆನಾಡಿನ ತೇವದಲ್ಲಿ ತುಡುವೆ ತುಪ್ಪ ಅದನ್ನು ಸಲೀಸಾಗಿ ಮೀರುತ್ತದೆ. ನೊಣಗಳು ಎರಿಗೆ ಮೇಣದ ಮುಚ್ಚಳ ಹಾಕುವ ಮೊದಲೇ ಅವಸರದಿಂದ ತೆಗೆದರಂತೂ ಬಾಟಲಿಯಲ್ಲಿ ನೊರೆಯೆದ್ದು ಹುಳಿಯಾಗುತ್ತದೆ. ಅದಕ್ಕೇ ಸಂಘಗಳು ಬಿಸಿ ಮಾಡಿ ತುಂಬಿಸುವುದು. ಮಳೆಗಾಲದಲ್ಲಿ ಕೊಟ್ಟ ಸಕ್ಕರೆ ಪಾಕ ಜೇನು ಕೋಣೆಗೆ ಸೇರದಂತೆ ನೋಡಿಕೊಳ್ಳುವುದು ಸಾಕುವವರ ಪ್ರಾಮಾಣಿಕತೆಗೆ ಬಿಟ್ಟದ್ದು. ಪೇಟೆಯಲ್ಲಿ ಜೇನುನೊಣ ಕಬ್ಬಿನಹಾಲಿನ ಗಾಡಿಗೂ ಮುತ್ತುತ್ತದೆ, ಅದನ್ನು ತಡೆಯುವವರು ಯಾರು? ಊರಿನ ಜೇನು ತಿಂದರೆ ಊರಿನ ಪರಾಗದ ಅಲರ್ಜಿ ಹೋಗುತ್ತದೆ ಎನ್ನುವುದಕ್ಕೂ ಗಟ್ಟಿ ಪುರಾವೆ ಇಲ್ಲ. ಸೀನು ತರಿಸುವ ಪರಾಗದಲ್ಲಿ ಹೆಚ್ಚಿನದು ಗಾಳಿಯಲ್ಲಿ ಬರುವ ಹುಲ್ಲು, ಕಳೆಗಳದ್ದು. ಇನ್ನೊಂದು, ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಮುಟ್ಟಿಸುವ ಶಾಸ್ತ್ರವನ್ನು ಕೈಬಿಡಿ. ಬಾಟ್ಯುಲಿಸಂ ರೋಗದ ಭಯದಿಂದ ಒಂದು ವರ್ಷ ತುಂಬುವವರೆಗೆ ಯಾವ ಜೇನೂ ಬೇಡವೆನ್ನುತ್ತಾರೆ ವೈದ್ಯರು, ಹಿತ್ತಿಲಿನದಾದರೂ ಅಷ್ಟೆ.

ಪರಿಸರದ ಮಾತು ಬಂದಾಗ ನನಗೆ ತುಸು ನಗು ಬರುತ್ತದೆ. ‘ಜೇನು ಉಳಿಸಲು’ ಟೆರೇಸಿನಲ್ಲಿ ಪೆಟ್ಟಿಗೆ ಇಡಲು ಹೊರಟ ಅಪಾರ್ಟ್‌ಮೆಂಟಿನವರೇ ಬಾಲ್ಕನಿಯ ಕೆಳಗೆ ಹೆಜ್ಜೇನು ಕಟ್ಟಿದಾಗ ಔಷಧಿ ಹೊಡೆಯುವವರನ್ನು ಕರೆಸುತ್ತಾರೆ. ಅವರ ಭಯ ಸುಳ್ಳಲ್ಲ, ಹೆಜ್ಜೇನು ಕೆರಳಿದರೆ ಪ್ರಾಣಕ್ಕೇ ಸಂಚಕಾರ. ಆದರೂ ಪೆಟ್ಟಿಗೆಯಲ್ಲಿ ಕೂರದ ಹೆಜ್ಜೇನು, ಕೋಲುಜೇನು, ಗೋಡೆಬಿರುಕಿನ ಮಿಸರಿ ಇವೂ ಅದೇ ಹೂವುಗಳನ್ನೇ ನಂಬಿಕೊಂಡಿವೆ. ಹೂವು ಕಡಿಮೆ ಇರುವ ಬಡಾವಣೆಯಲ್ಲಿ ಹತ್ತು ಪೆಟ್ಟಿಗೆ ತಂದಿಟ್ಟರೆ ಅವುಗಳ ಪಾಲು ಕಸಿದಂತೆ. ಪೆಟ್ಟಿಗೆ ಕೊಡುವವರನ್ನು ಕೇಳಲೇಬೇಕಾದ ಪ್ರಶ್ನೆಯೂ ಒಂದಿದೆ: ಈ ಕುಟುಂಬ ನೀವೇ ಪಾಲು ಮಾಡಿ ಬೆಳೆಸಿದ್ದೋ, ಕಾಡಿನ ಮರದ ಪೊಟರೆಯಿಂದ ಕಿತ್ತು ತಂದದ್ದೋ? ಎರಡನೆಯದಾದರೆ ನೀವು ಉಳಿಸಿದ್ದು ಏನೂ ಇಲ್ಲ.

ಕೊನೆಗೆ ನೆಂಟರಿಗೆ ನಾನು ಹೇಳಿದ್ದಿಷ್ಟು. ಸುತ್ತ ಒಂದು ಕಿಲೋಮೀಟರಿನಲ್ಲಿ ಹೊಂಗೆ, ನೇರಳೆ, ತೆಂಗು ಇದ್ದರೆ, ಪಕ್ಕದ ಮನೆಯವರು ಒಪ್ಪಿದರೆ, ಕಚ್ಚಿದರೆ ಮೈ ಊದಿ ಉಸಿರು ಕಟ್ಟುವ ಅಲರ್ಜಿಯವರು ಮನೆಯಲ್ಲಿಲ್ಲದಿದ್ದರೆ ಇಡಿಸಿ. ಬರೀ ತುಪ್ಪಕ್ಕಾದರೆ ಬೇಡ, ನಂಬಿಕೆಯ ಜೇನುಕೃಷಿಕರಿಂದ ಕೊಳ್ಳುವುದೇ ಅಗ್ಗ. ಈ ವರ್ಷ ನಮ್ಮ ಪಾಲಿಗೆ ಬಂದದ್ದು ಎರಡೂವರೆ ಕೆಜಿ, ಅದರಲ್ಲಿ ಅರ್ಧ ಕೆಜಿ ಆಗಲೇ ಹುಳಿ ಬಂದಿದೆ.